ಸಣ್ಣ ಪೆಟ್ಟಿಗೆಗೊಂದು ಗ್ರಾಫಿಕ್ಸ್ ಕಾರ್ಡು

2025ನೆಯ ಇಸವಿಯ ಮೇ ತಿಂಗಳ ಒಂದು ಸಂಜೆ ಧಾರವಾಡದಲ್ಲಿ ಗುಡುಗು ಸಿಡಿಲುಗಳಿಂದ ಕೂಡಿದ ಅಡ್ಡಮಳೆ ಸುರಿದು, ನಮ್ಮ ಓಣಿಯ ವಿದ್ಯುತ್ತು ನಾಲ್ಕಾರು ಸಲ ಹೋಗಿ ಬಂದು ಮಾಡಿತು. ಅದೇ ಗಳಿಗೆಯಲ್ಲಿ ಮೊಮ್ಮಗನ ಗಣಕಯಂತ್ರವು ಸುಟ್ಟ ವಾಸನೆ ಬೀರಿ ಕಣ್ಣುಮುಚ್ಚಿತು. ಹುಡುಗ ಕಂಗಾಲಾಗಿ ಕುಳಿತಿದ್ದರೂ ನಮ್ಮ ಅಂತರಂಗದಲ್ಲಿ ಒಂದು ಬಗೆಯ ಸಮಾಧಾನವೇ ಮೂಡಿತೆಂಬುದನ್ನು ಓದುಗ ಬಂಧುಗಳಲ್ಲಿ ಮುಚ್ಚುಮರೆಯಿಲ್ಲದೆ ಅರಿಕೆ ಮಾಡಿಕೊಳ್ಳುತ್ತೇವೆ. ರಾತ್ರಿ ಒಂಬತ್ತೂವರೆಯಾದೊಡನೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕಾರು ಓಡಿಸುವ ಆಟದಲ್ಲಿ ಮುಳುಗುತ್ತಿದ್ದ ಅವನಿಗೆ ನಾವು ಆಡದ ಮಾತಿಲ್ಲ. "ಮಠದ ವಿದ್ಯಾರ್ಥಿನಿಲಯದಲ್ಲಿ ನಿನ್ನ ವಯಸ್ಸಿನಲ್ಲಿ ನಾವು ಕಂದೀಲಿನ ಬೆಳಕಿನಲ್ಲಿ ವ್ಯಾಕರಣ ಬಾಯಿಪಾಠ ಮಾಡುತ್ತಿದ್ದೆವು" ಎಂಬ ನಮ್ಮ ಉಪದೇಶವನ್ನು ಅವನು ಎಷ್ಟು ಸಲ ಕೇಳಿದ್ದನೋ! ಕೊನೆಕೊನೆಗೆ ನಮ್ಮೊಡನೆ ಮಾತನ್ನೇ ಕಡಿಮೆ ಮಾಡಿದ್ದನು.

ಯಂತ್ರ ಕೆಟ್ಟು ಮೂರು ವಾರಗಳಾದ ಮೇಲೆ ಒಂದು ರಾತ್ರಿ ಪಡಸಾಲೆಯಲ್ಲಿ ಕುಳಿತಿದ್ದಾಗ, ಮಸ್ಕತ್ತಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನು ಫೋನು ಮಾಡಿದನು. ಮೊಮ್ಮಗನು ಫೋನು ಹಿಡಿದು, "ಅಪ್ಪಾ, ಊಟ ಆತು. ಹೂಂ. ಆರಾಮ ಅದೀನಿ. ಅಮ್ಮಗ ಕೊಡ್ಲೇನು?" ಎಂದು ಎರಡು ನಿಮಿಷದಲ್ಲಿ ಮುಗಿಸಿದನು. ಆಗ ಸೊಸೆಯು ಮೆಲ್ಲಗೆ ಹೇಳಿದಳು: "ಮೊದಲ ಆಟ ಆಡೂ ಮುಂದ ಇಬ್ರೂ ತಾಸುಗಟ್ಟಲೆ ಮಾತಾಡ್ತಿದ್ರು, ಮಾವಾರ. ಈಗ ಮಾತಾಡಾಕ ಏನೂ ಇಲ್ಲಧಂಗ ಆಗೇದ."

ನಾವು ಇದನ್ನು ಅರಿತಿರಲಿಲ್ಲ. ಹುಡುಗ ಯಾರೋ ಅಪರಿಚಿತರೊಡನೆ ಹರಟುತ್ತಾನೆಂದೇ ಭಾವಿಸಿದ್ದೆವು. ನಮ್ಮಲ್ಲಿ ಒಂಬತ್ತೂವರೆಯಾದಾಗ ಮಸ್ಕತ್ತಿನಲ್ಲಿ ಎಂಟು ಗಂಟೆ. ಮಗನು ಕೆಲಸದಿಂದ ಬಂದು ಕೋಣೆಯಲ್ಲಿ ಒಬ್ಬನೇ ಇರುವ ಹೊತ್ತು. 'ಫೋರ್ಜಾ ಹೊರೈಝನ್ 5' ಎಂಬ, 2021ರಲ್ಲಿ ಹೊರಬಂದ ಆಟದಲ್ಲಿ ತಂದೆಮಕ್ಕಳಿಬ್ಬರೂ ಮೆಕ್ಸಿಕೋ ದೇಶದ ರಸ್ತೆಗಳಲ್ಲಿ ಒಂದರ ಹಿಂದೊಂದು ಕಾರು ಓಡಿಸುತ್ತ, ಪರೀಕ್ಷೆಯ ವಿಷಯ, ಊರಿನ ವಿಷಯ, ಅಮ್ಮನ ಮಂಡಿನೋವಿನ ವಿಷಯ ಎಲ್ಲವನ್ನೂ ಆಡಿಕೊಳ್ಳುತ್ತಿದ್ದರಂತೆ. ನಾವು ನಿಲ್ಲಿಸಬೇಕೆಂದು ಹವಣಿಸಿದ್ದು ಈ ಭೇಟಿಯನ್ನು.

ಮರುದಿನ ಬೆಳಿಗ್ಗೆ ಮೊಮ್ಮಗನನ್ನು ಕರೆದು, ಹೊಸ ಯಂತ್ರ ಕಟ್ಟೋಣವೆಂದು ತಿಳಿಸಿದೆವು. ಉಳಿದ ಭಾಗಗಳಿಗೆ ಅವನ ತಂದೆ ಹಣ ಕಳಿಸುವುದೆಂದೂ, ಗ್ರಾಫಿಕ್ಸ್ ಕಾರ್ಡಿನ ಖರ್ಚು ನಮ್ಮದೆಂದೂ ಗೊತ್ತಾಯಿತು. ತಾಡವಾಲೆಗಳ ಸೂಚಿಯೊಂದನ್ನು ಸಿದ್ಧಪಡಿಸಿದ್ದಕ್ಕೆ ಬಂದ ಸಂಭಾವನೆ ನಮ್ಮ ಹತ್ತಿರವಿತ್ತು. ಆದರೆ ಒಂದು ಕರಾರು ಹಾಕಿದೆವು: ಏನನ್ನು ಕೊಳ್ಳುತ್ತಿದ್ದೇವೆಂಬುದು ನಮಗೂ ತಿಳಿಯಬೇಕು. ಅರವತ್ತೆಂಟನೆಯ ವಯಸ್ಸಿನಲ್ಲಿ ನಾವು ಹೀಗೆ ಮೊಮ್ಮಗನ ಶಿಷ್ಯರಾದೆವು.

ಮೊದಲ ಪಾಠ ಲೆಕ್ಕದ್ದು. ಸಾಮಾನ್ಯವಾದ ಪರದೆಯ ಮೇಲೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ; ಗುಣಿಸಿದರೆ 20,73,600. ಆಟವು ನಯವಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಚಿತ್ರಗಳಾದರೂ ಬೇಕು. ಅಂದರೆ ಒಂದು ಸೆಕೆಂಡಿನಲ್ಲಿ 12 ಕೋಟಿ 44 ಲಕ್ಷ 16 ಸಾವಿರ ಚುಕ್ಕೆಗಳಿಗೆ ಬಣ್ಣ ನಿರ್ಧರಿಸಬೇಕು. ಗಣಕದ ಮುಖ್ಯ ಪ್ರೊಸೆಸರು ಒಬ್ಬ ಮಹಾಪಂಡಿತನಿದ್ದಂತೆ. ಯಾವ ಕಠಿಣ ಸಮಸ್ಯೆಯನ್ನಾದರೂ ಬಿಡಿಸಬಲ್ಲನು, ಆದರೆ ಇಷ್ಟೊಂದು ಚುಕ್ಕೆಗಳನ್ನು ಇಡಲು ಅವನಿಗೆ ಪುರಸೊತ್ತಿಲ್ಲ. ಗ್ರಾಫಿಕ್ಸ್ ಕಾರ್ಡಿನಲ್ಲಿ ಸಾಧಾರಣ ಬುದ್ಧಿಯ ಸಾವಿರಾರು ಲಿಪಿಕಾರರು ಏಕಕಾಲಕ್ಕೆ ಕುಳಿತು, ತಮತಮಗೆ ಒಪ್ಪಿಸಿದ ಚುಕ್ಕೆಗಳನ್ನು ಬರೆಯುತ್ತಾರೆ. ನಮ್ಮ ಈ ಉಪಮೆಯನ್ನು ಹುಡುಗ ಒಪ್ಪಿದನು. ಆದರೆ ಎನ್ವಿಡಿಯಾದ ಲಿಪಿಕಾರರ ಸಂಖ್ಯೆಯನ್ನು ಎಎಂಡಿಯ ಸಂಖ್ಯೆಯೊಡನೆ ನೇರವಾಗಿ ಹೋಲಿಸಬಾರದೆಂದು ಎಚ್ಚರಿಸಿದನು. ಎನ್ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಎಂಬುದರಲ್ಲಿ 4608, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಎಂಬುದರಲ್ಲಿ 2048. ಆದರೂ ಅನೇಕ ಆಟಗಳಲ್ಲಿ ಅವೆರಡರ ವೇಗದಲ್ಲಿ ಅಂತಹ ದೊಡ್ಡ ಅಂತರವಿಲ್ಲ. ಹಿಂದೆ ಒಂದು ಪೇಟೆಯ ಸೇರು ಇನ್ನೊಂದು ಪೇಟೆಯ ಸೇರಿಗೆ ಸಮನಾಗಿರುತ್ತಿರಲಿಲ್ಲ, ಇದೂ ಹಾಗೆಯೇ.

ಈ ಹೆಸರುಗಳ ವಿಷಯದಲ್ಲಿ ನಮಗೆ ಸಿಟ್ಟು ಬಂದದ್ದುಂಟು. ಕೊನೆಯ ಎರಡಂಕಿ 60 ಇದ್ದರೆ ಮಧ್ಯಮ ದರ್ಜೆ ಎಂದು ಸ್ಥೂಲವಾಗಿ ತಿಳಿಯಬಹುದು, ಅಷ್ಟು ಸರಿ. ಆದರೆ 5060 ಟಿಐ ಎಂಬ ಒಂದೇ ಹೆಸರಿನಲ್ಲಿ 8 ಜಿಬಿ ಸ್ಮೃತಿಯದೊಂದು, 16 ಜಿಬಿಯದೊಂದು. 9060 ಎಕ್ಸ್‌ಟಿಯಲ್ಲಿಯೂ ಹಾಗೆಯೇ ಎರಡು. ಒಂದೇ ಶೀರ್ಷಿಕೆಯ ಗ್ರಂಥದ ಒಂದು ಪ್ರತಿಯಲ್ಲಿ ಅರ್ಧ ಗರಿಗಳೇ ಇಲ್ಲದಿದ್ದರೆ ಸಂಪಾದಕನು ಅದನ್ನು ತ್ರುಟಿತ ಪ್ರತಿಯೆಂದು ಮುಖಪುಟದಲ್ಲಿಯೇ ಹೇಳಬೇಕಾಗುತ್ತದೆ. ಇಲ್ಲಿ ಡಬ್ಬಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹುಡುಕಬೇಕು.

ಈ ಸ್ಮೃತಿಯೇ ಮುಖ್ಯವಾದ ವಿಷಯವೆಂದು ಕ್ರಮೇಣ ಮನದಟ್ಟಾಯಿತು. ಆಟದಲ್ಲಿ ಕಾಣುವ ಗೋಡೆಯ ಸುಣ್ಣ, ರಸ್ತೆಯ ಧೂಳು, ಎಲೆಯ ನರ ಇವೆಲ್ಲವುಗಳ ಚಿತ್ರಗಳನ್ನು ಕಾರ್ಡು ತನ್ನ ಮಗ್ಗುಲಲ್ಲಿಯೇ ಇರಿಸಿಕೊಂಡಿರಬೇಕು. ಜಾಗ ಸಾಲದಾದಾಗ ಗಣಕದ ಸಾಮಾನ್ಯ ಸ್ಮೃತಿಯಿಂದ ಮತ್ತೆ ಮತ್ತೆ ತರಿಸಿಕೊಳ್ಳುತ್ತದೆ. ಆ ದಾರಿ ಇಕ್ಕಟ್ಟಿನದು, ನಿಧಾನದ್ದು. ಆದುದರಿಂದ ಓಡುತ್ತಿರುವ ಚಿತ್ರ ತಟ್ಟನೆ ಮುಗ್ಗರಿಸುತ್ತದೆ, ಇಲ್ಲವೆ ಗೋಡೆಗಳು ಮಸುಕಾಗಿ ಕಾಣುತ್ತವೆ. ಹೊಸ ಆಟಗಳಲ್ಲಿ ಕೆಲವಕ್ಕೆ ಉತ್ತಮ ಮಟ್ಟದ ಚಿತ್ರವಿನ್ಯಾಸ ಬೇಕೆಂದರೆ 8 ಜಿಬಿ ಈಗಲೇ ಸಾಲದು. ಮೊಮ್ಮಗನು ಈ ಕಾರ್ಡನ್ನು ಕಾಲೇಜಿನ ನಾಲ್ಕು ವರ್ಷ ಬಳಸಬೇಕಾಗಿದೆ. ಲಿಪಿಕಾರರು ಸ್ವಲ್ಪ ನಿಧಾನಿಗಳಾದರೆ ಚಿತ್ರದ ಗುಣವನ್ನು ಒಂದು ಮೆಟ್ಟಿಲು ಇಳಿಸಿ ಹೊಂದಿಕೊಳ್ಳಬಹುದು, ಸ್ಮೃತಿಯನ್ನು ಮಾತ್ರ ಆಮೇಲೆ ಸೇರಿಸಲು ಬರುವುದಿಲ್ಲ. ಆದುದರಿಂದ 16 ಜಿಬಿ ಎಂದು ಮೊದಲ ನಿರ್ಣಯ ಮಾಡಿದೆವು.

ಇನ್ನೊಂದು ಸಂಗತಿ ನಮ್ಮನ್ನು ಬಹಳ ಯೋಚನೆಗೆ ಹಚ್ಚಿತು. ಕಾರ್ಡು ನಿಜವಾಗಿ ರಚಿಸಿದ ಎರಡು ಚಿತ್ರಗಳ ನಡುವೆ, ತಾನೇ ಊಹಿಸಿಕೊಂಡ ಚಿತ್ರಗಳನ್ನು ತೂರಿಸಿ, ಸೆಕೆಂಡಿನ ಲೆಕ್ಕವನ್ನು ಹೆಚ್ಚಿಸಿ ತೋರಿಸುವ ಉಪಾಯವೊಂದು ಬಂದಿದೆ. ಎನ್ವಿಡಿಯಾದ 50ರ ಸಾಲಿನ ಕಾರ್ಡುಗಳು ಒಂದು ನೈಜ ಚಿತ್ರಕ್ಕೆ ಮೂರು ಊಹೆಯ ಚಿತ್ರಗಳನ್ನು ಸೇರಿಸಬಲ್ಲವು. ನಾವು ಜೀವಮಾನವಿಡೀ ಪ್ರಾಚೀನ ಕೃತಿಗಳಿಂದ ಪ್ರಕ್ಷಿಪ್ತಗಳನ್ನು ಆರಿಸಿ ತೆಗೆದವರು; ಹಣ ಕೊಟ್ಟು ಪ್ರಕ್ಷಿಪ್ತವನ್ನು ಕೊಳ್ಳುವುದೇ? ಹುಡುಗ ನಕ್ಕು, "ಅಜ್ಜಾರ, ನೋಡಾಕ ನಯ ಕಾಣ್ತದರಿ, ಆದ್ರ ಸ್ಟಿಯರಿಂಗ್ ತಿರುವಿದ್ದು ಲಗೂ ಮುಟ್ಟೂದಿಲ್ಲ" ಎಂದನು. ಕೈಯ ಚಲನೆಗೆ ಉತ್ತರ ಕೊಡುವವು ನೈಜ ಚಿತ್ರಗಳು ಮಾತ್ರವೆಂದಾಯಿತು. ಜಾಹೀರಾತಿನಲ್ಲಿ ಕಾಣುವ ದೊಡ್ಡ ಅಂಕಿಗಳಲ್ಲಿ ಯಾವುದು ಮೂಲ, ಯಾವುದು ಪ್ರಕ್ಷಿಪ್ತ ಎಂದು ಕೇಳುವ ರೂಢಿಯನ್ನು ಅಂದಿನಿಂದ ನಾವು ಮಾಡಿಕೊಂಡೆವು.

ಬಳಿಕ ಅಂಗಡಿಗಳ ಯಾತ್ರೆ. ಹುಬ್ಬಳ್ಳಿಯ ಒಬ್ಬ ವ್ಯಾಪಾರಿಯು, ಹೆಸರು ಬೇಡ, ಅತ್ಯಂತ ಸೋವಿ ಬೆಲೆಗೆ ಹಳೆಯ ಸಾಲಿನದೊಂದು ಕಾರ್ಡನ್ನು ಮುಂದಿಟ್ಟು, "ಡಬ್ಬಿ ಅಷ್ಟ ಒಡದೇತಿ, ಒಳಗ ಹೊಸಾದು" ಎಂದನು. ಮೊಮ್ಮಗನು ಅದರ ಫ್ಯಾನನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ ನೋಡಿದನು, ಅದು ಓಲಾಡುತ್ತಿತ್ತು. ತಿರುಪುಗಳ ತಲೆ ಸವೆದಿದ್ದವು. ನಾವು ಕನ್ನಡಕ ಸರಿಪಡಿಸಿಕೊಂಡು ಒಳಗೆ ಇಣುಕಿದರೆ, ಲೋಹದ ಹಲ್ಲುಗಳ ಸಂದಿಯಲ್ಲಿ ಧೂಳು ಗಟ್ಟಿಯಾಗಿ ಕೂತಿತ್ತು. 2021ರ ಸುಮಾರಿಗೆ ಈಥೀರಿಯಮ್ ಎಂಬ ಡಿಜಿಟಲ್ ನಾಣ್ಯವನ್ನು ಗಳಿಸುವ ಸಲುವಾಗಿ ಜನರು ಹಗಲಿರುಳು ಇಂಥ ಕಾರ್ಡುಗಳನ್ನು ಓಡಿಸಿ, ಪೇಟೆಯಲ್ಲಿ ಅಭಾವ ಉಂಟಾಗಿತ್ತು. 2022ರ ಸೆಪ್ಟೆಂಬರಿನಲ್ಲಿ ಆ ನಾಣ್ಯದ ಪದ್ಧತಿಯೇ ಬದಲಾಗಿ, ಕಾರ್ಡುಗಳಿಗೆ ಆ ಕೆಲಸವಿಲ್ಲವಾಯಿತು. ರಾಶಿರಾಶಿಯಾಗಿ ಹಳೆಯ ಪೇಟೆಗೆ ಬಂದವು. ಬಳಸಿದ ಕಾರ್ಡೆಲ್ಲ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಬಳಸಿದ್ದನ್ನು ಬಳಸಿದ್ದೆಂದೇ ಹೇಳಿ ಮಾರಿದ್ದರೆ ಬಹುಶಃ ನಾವೂ ಕೊಳ್ಳುತ್ತಿದ್ದೆವು. ಬಿಲ್ಲು ಮತ್ತು ವಾರಂಟಿಯ ಮಾತೆತ್ತಿದೊಡನೆ ಅವನ ಮುಖ ಬೇರೆಯಾಯಿತು. ನಾವು ಎದ್ದು ಬಂದೆವು.

ಉಳಿದದ್ದು ಜಾಗದ ಪ್ರಶ್ನೆ. ಹುಡುಗನಿಗೆ ಬೆಳಗಾವಿಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಹಾಸ್ಟೆಲಿನ ಮೇಜು ಚಿಕ್ಕದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ಯುವಂತಿರಬೇಕು. ಆದುದರಿಂದ 170 ಮಿ.ಮೀ. ಚೌಕದ ಮಿನಿ-ಐಟಿಎಕ್ಸ್ ಮದರ್‌ಬೋರ್ಡು, ಅದಕ್ಕೆ ತಕ್ಕ ಪುಟ್ಟ ಪೆಟ್ಟಿಗೆ. ಅದರೊಳಗೆ 265 ಮಿ.ಮೀ.ಗಿಂತ ಉದ್ದದ ಕಾರ್ಡು ಹೋಗದು. ದಪ್ಪದಲ್ಲಿ ಎರಡು ಸ್ಲಾಟು, ಅಂದರೆ ಸುಮಾರು 41 ಮಿ.ಮೀ. ಮಿತಿ. ಮೂರು ಫ್ಯಾನುಗಳ ಭವ್ಯ ಕಾರ್ಡುಗಳು 300 ಮಿ.ಮೀ. ಸಮೀಪ ಇರುತ್ತವೆ, ಅವೆಲ್ಲವೂ ಪಟ್ಟಿಯಿಂದ ಹೊರಬಿದ್ದವು. ಓಲೆಗರಿಗಳನ್ನು ಅಳೆಯುವ ನಮ್ಮ ಅಳತೆಪಟ್ಟಿಯಿಂದ ರಟ್ಟನ್ನು ಅಳೆದು ಕತ್ತರಿಸಿ, ಎರಡು ಫ್ಯಾನಿನ ಕಾರ್ಡಿನ ಗಾತ್ರದ ಒಂದು ಮಾದರಿಯನ್ನು ನಾವೇ ಮಾಡಿದೆವು. ಖಾಲಿ ಪೆಟ್ಟಿಗೆಯಲ್ಲಿ ಅದನ್ನು ಇಳಿಸಿ ನೋಡಿ ಸರಿಯಾಗಿದೆಯೆಂದು ಬೀಗಿದೆವು.

ಕೊನೆಗೆ ಕಣದಲ್ಲಿ ಉಳಿದವು ಎರಡು. 2025ರ ಏಪ್ರಿಲಿನಲ್ಲಿ ಬಂದ 5060 ಟಿಐ 16 ಜಿಬಿಗೆ ಅಮೆರಿಕದಲ್ಲಿ ಘೋಷಿಸಿದ ಬೆಲೆ 429 ಡಾಲರು, ವಿದ್ಯುತ್ತು 180 ವ್ಯಾಟು. ಜೂನಿನಲ್ಲಿ ಬಂದ 9060 ಎಕ್ಸ್‌ಟಿ 16 ಜಿಬಿಗೆ 349 ಡಾಲರು, 160 ವ್ಯಾಟು. ನಮ್ಮ ಪೇಟೆಯ ಬೆಲೆ ತೆರಿಗೆ ಸೇರಿ ಬೇರೆಯೇ ಆದರೂ ಅಂತರವು ಅದೇ ದಿಕ್ಕಿನಲ್ಲಿತ್ತು. ಎನ್ವಿಡಿಯಾದ್ದು ಬೆಳಕಿನ ಕಿರಣಗಳನ್ನು ಲೆಕ್ಕಹಾಕುವಲ್ಲಿ ಮುಂದು. ಮೂರು ಆಯಾಮದ ಚಿತ್ರನಿರ್ಮಾಣದ ಬ್ಲೆಂಡರ್‌ನಂತಹ ಕೆಲಸಗಳಿಗೂ ಅದೇ ಲೇಸು. "ನಿನಗೆ ಅಂಥ ಕೆಲಸವಿದೆಯೇ?" ಎಂದು ಕೇಳಿದೆವು. ಹುಡುಗ ಕ್ಷಣಕಾಲ ಸುಮ್ಮನಿದ್ದು, "ಸುಳ್ಳ ಯಾಕ್ ಹೇಳ್ಲಿರಿ ಅಜ್ಜಾರ, ನನಗ ಆಡೂದೈತಿ" ಎಂದನು. ಓದಿನ ನೆಪ ಹೂಡಿದ್ದರೆ ನಾವು ಎಂಬತ್ತು ಡಾಲರಿನ ಅಂತರವನ್ನೂ ತೆರುತ್ತಿದ್ದೆವೆಂಬುದು ಅವನಿಗೆ ಗೊತ್ತಿತ್ತು. 9060 ಎಕ್ಸ್‌ಟಿಯನ್ನೇ ತಂದೆವು.

ಅದರ ವಿದ್ಯುತ್ ಮೊಳೆಯು ಹಳೆಯ ಬಗೆಯ ಎಂಟು ಪಿನ್ನಿನದು. 2022ರಲ್ಲಿ ಎನ್ವಿಡಿಯಾದ 4090 ಎಂಬ ದೈತ್ಯ ಕಾರ್ಡುಗಳಲ್ಲಿ ಹದಿನಾರು ಪಿನ್ನಿನ ಹೊಸ ಜೋಡಣೆ ಕರಗಿದ ವರದಿಗಳನ್ನು ಓದಿದ್ದ ಹುಡುಗನಿಗೆ ಇದು ಸಮಾಧಾನ ತಂದಿತು. ನಮಗೆ ಸಮಾಧಾನ ತಂದದ್ದು ಬೇರೆ: ಮನೆಯಲ್ಲಿರುವ ಸಣ್ಣ ಯುಪಿಎಸ್ಸು 360 ವ್ಯಾಟಿನವರೆಗೆ ತಡೆದುಕೊಳ್ಳುತ್ತದೆ, ಯಂತ್ರ ಪೂರ್ತಿ ಸೇರಿ ಆ ಮಿತಿಯೊಳಗೇ ಇತ್ತು. ಮೇ ತಿಂಗಳ ಸಿಡಿಲನ್ನು ನಾವಿನ್ನೂ ಮರೆತಿರಲಿಲ್ಲ.

ಶ್ರಾವಣದ ಒಂದು ಭಾನುವಾರ ಜೋಡಣೆ ನಡೆಯಿತು. ಕಾರ್ಡು ರಟ್ಟಿನ ಮಾದರಿಯಂತೆಯೇ ಸಲೀಸಾಗಿ ಕುಳಿತಿತು. ಆದರೆ ಪೆಟ್ಟಿಗೆಯ ಬಾಗಿಲು ಮುಚ್ಚಲೊಲ್ಲದು! ಕಾರ್ಡಿನ ಮೇಲ್ಭಾಗದಿಂದ ಎದ್ದುನಿಂತ ವಿದ್ಯುತ್ ತಂತಿಯ ಬಾಗು ನಮ್ಮ ರಟ್ಟಿನ ಲೆಕ್ಕಕ್ಕೆ ಸೇರಿರಲಿಲ್ಲ. ಒಂದು ಹೆಬ್ಬೆರಳಿನಷ್ಟು ಜಾಗ ಬೇಕಾಗಿತ್ತು. ಅಳತೆ ಮಾಡಿದವರು ನಾವು; ಬೈಯಬೇಕಾದವನು ಅವನು. ಹುಡುಗನು ಏನೂ ಅನ್ನದೆ ಎಲ್ಲವನ್ನೂ ಬಿಚ್ಚಿ, ತಂತಿಯ ಕಟ್ಟುಗಳನ್ನು ಸಡಿಲಿಸಿ, ಎಳೆಗಳನ್ನು ಚಪ್ಪಟೆಯಾಗಿ ಹರಡಿ, ಕಾರ್ಡಿನ ಬೆನ್ನಿನ ಮೇಲೆ ಹಾಯಿಸಿ ಮತ್ತೆ ಜೋಡಿಸಿದನು. ಎರಡೂವರೆ ತಾಸು ಹಿಡಿಯಿತು. ನಾವು ತಿರುಪುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಒಂದೊಂದಾಗಿ ಕೊಡುತ್ತ ಪಕ್ಕದಲ್ಲಿ ಕುಳಿತಿದ್ದೆವು. ಮೂರು ತಿಂಗಳಲ್ಲಿ ಅವನು ನಮ್ಮೊಡನೆ ಅಷ್ಟು ಹೊತ್ತು ಕುಳಿತದ್ದು ಅದೇ ಮೊದಲು.

ರಾತ್ರಿ ಒಂಬತ್ತೂವರೆಗೆ ಮಸ್ಕತ್ತಿನಿಂದ ಧ್ವನಿ ಬಂದಿತು. ತಂದೆಮಕ್ಕಳು ಒಂದು ಸುತ್ತು ಮುಗಿಸಿದ ಮೇಲೆ ಮೊಮ್ಮಗನು ಎದ್ದು, ಹೆಡ್‌ಫೋನನ್ನು ನಮ್ಮ ತಲೆಗೆ ಹಾಕಿ, ತನ್ನ ಕುರ್ಚಿಯಲ್ಲಿ ನಮ್ಮನ್ನು ಕೂರಿಸಿದನು. ಯಾವ ಗುಂಡಿ ಒತ್ತಿದೆವೋ ತಿಳಿಯದು. ಕಾರು ರಸ್ತೆ ಬಿಟ್ಟು ಪಾಪಾಸುಕಳ್ಳಿಯ ಗಿಡಗಳನ್ನು ನೆಲಸಮ ಮಾಡುತ್ತ ಹೋಗಿ ಒಂದು ಹೊಳೆಯಲ್ಲಿ ನಿಂತಿತು. ಆ ಕಡೆಯಿಂದ ನಮ್ಮ ಮಗನು, "ಯಾಕಲೇ ತಮ್ಮಾ, ಹೊಸಾ ಕಾರ್ಡ್ ಬಂದ ಕೂಡ್ಲೆ ದಾರೀನ ಮರತೀಯೇನು?" ಎಂದನು.

"ನಾನಪ್ಪಾ" ಎಂದೆವು.

ಒಂದು ಗಳಿಗೆ ಸದ್ದಿಲ್ಲ. ಆಮೇಲೆ, "ಅಪ್ಪಾರ! ನೀವ ಓಡಸಾಕತ್ತೀರೇನ್ರಿ?" ಎಂದು ಕೇಳಿ, ಚಿಕ್ಕವನಿದ್ದಾಗ ನಗುತ್ತಿದ್ದಂತೆ ನಕ್ಕನು. "ಅಲ್ಲೇ ನಿಂದರ್ರಿ, ನಾ ಬಂದು ಕರಕೊಂಡು ಹೋಗ್ತೀನಿ" ಎಂದನು. ನಾವು ಹೊಳೆಯಲ್ಲಿಯೇ ನಿಂತು ಅವನ ಕೆಂಪು ಕಾರಿನ ದಾರಿ ಕಾಯತೊಡಗಿದೆವು.