ಕೂಸಿನ ಅಂಗಿ

ಮನೆಯಲ್ಲಿ ಕೂಸು ಹುಟ್ಟಿದರೆ ಮೊದಲು ಸಂತೋಷಪಡುವವನು ಜವಳಿ ಅಂಗಡಿಯವನೆಂದು ಈ ಕಾಲದಲ್ಲಿ ಹೇಳಿದರೆ ಅದು ಅತಿಶಯೋಕ್ತಿಯಾಗಲಾರದು. ಹಾಸನದ ಅಂಗಡಿಬೀದಿಯಲ್ಲಿ ಒಂದು ಸುತ್ತು ಬಂದ ಗೃಹಸ್ಥರಿಗೆ ಈ ಮಾತಿನ ಪ್ರಮಾಣ ಸಿಕ್ಕುತ್ತದೆ. ಎರಡು ಗೇಣು ಬಟ್ಟೆ ಹಿಡಿಯದ ಉಡುಪಿಗೆ ದೊಡ್ಡವರ ಅಂಗಿಯ ಬೆಲೆ. ಮೂರು ತಿಂಗಳಲ್ಲಿ ಕೂಸು ಬೆಳೆಯುತ್ತದೆ, ಉಡುಪು ಬೆಳೆಯುವುದಿಲ್ಲ, ಅದು ಪೆಟ್ಟಿಗೆಯ ತಳ ಸೇರುತ್ತದೆ. ಹೀಗಿರುವಲ್ಲಿ, ಮನೆಯಲ್ಲಿಯೇ ಇರುವ ಹಳೆಯ ಬಟ್ಟೆಯಿಂದ ಶಿಶುವಿಗೆ ಬೇಕಾದ ಉಡುಪನ್ನು ಕೈಯಾರೆ ಹೊಲಿದುಕೊಳ್ಳುವ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ಅಪ್ರಕೃತವಲ್ಲವೆಂದು ನಂಬಿದ್ದೇವೆ.

ಶಬ್ದರೂಪ ಧಾತುರೂಪಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತ ಆಯುಷ್ಯ ಕಳೆದ ಮೇಷ್ಟ್ರಿಗೆ ಸೂಜಿಯ ಗೊಡವೆ ಏಕೆಂದು ಕೆಲವರು ನಗಬಹುದು. ಆದರೆ ನಮ್ಮ ಧಾತುಪಾಠದಲ್ಲಿಯೇ ಹೊಲಿಯುವುದೆಂಬ ಅರ್ಥದ ‘ಷಿವು’ ಧಾತುವಿದೆ. ಸೀವನವೆಂಬ ಮಾತು ಹುಟ್ಟಿದ್ದು ಅದರಿಂದಲೇ. ವಾತ್ಸ್ಯಾಯನನು ಎಣಿಸಿದ ಅರವತ್ತನಾಲ್ಕು ಕಲೆಗಳಲ್ಲಿ ಸೂಚೀಕರ್ಮವೂ ಒಂದು. ಅಮರಸಿಂಹನು ದರ್ಜಿಯವನಿಗೆ ತುನ್ನವಾಯ, ಸೌಚಿಕ ಎಂದು ಎರಡು ಹೆಸರುಗಳನ್ನು ಕೊಟ್ಟು ಗೌರವಿಸಿದ್ದಾನೆ. ನಮ್ಮ ಕನ್ನಡನಾಡಿನಲ್ಲಂತೂ ಸೂಜಿಕಾಯಕದ ರಾಮಿತಂದೆಯೆಂಬ ಶರಣನು ಸೂಜಿಯ ಕೆಲಸವನ್ನೇ ತನ್ನ ಹೆಸರಾಗಿ ಧರಿಸಿ ವಚನಕಾರರ ಪಂಕ್ತಿಯಲ್ಲಿ ಕುಳಿತಿದ್ದಾನೆ. ಆದ್ದರಿಂದ ಸೂಜಿ ಹಿಡಿದವರಿಗೆ ನಾಚಿಕೆಗೆ ಕಾರಣವಿಲ್ಲ.

ಆದರೂ ನಾವು ಸೂಜಿ ಹಿಡಿದದ್ದು ಶಾಸ್ತ್ರದ ಬಲದಿಂದಲ್ಲ, ಅವಶ್ಯಕತೆಯ ಬಲದಿಂದ. ಕಳೆದ ಮಾರ್ಗಶಿರದಲ್ಲಿ ಹೊಳೆನರಸೀಪುರದ ನಮ್ಮ ಮನೆಗೆ ಹೆರಿಗೆಗೆಂದು ಬಂದಿದ್ದ ಮಗಳಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿತು. ಅವಸರವಾಗಿ ಹಾಸನದ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಹುಟ್ಟಿದ ಹೆಣ್ಣುಕೂಸಿನ ತೂಕ 1,800 ಗ್ರಾಂ. 2,500 ಗ್ರಾಮಿಗಿಂತ ಕಡಮೆ ತೂಗುವ ಶಿಶುವನ್ನು ವೈದ್ಯರು ತೂಕ ಕಡಮೆಯ ಶಿಶುವೆಂದು ಗಣಿಸುತ್ತಾರೆ. ಇಂತಹ ಕೂಸಿಗೆ ಚರ್ಮದ ಕೆಳಗೆ ಕೊಬ್ಬು ಕಡಮೆ. ಮೈಗೆ ಹೋಲಿಸಿದರೆ ತಲೆ ದೊಡ್ಡದು. ಒಳಗಿನ ಶಾಖವು ಬೇಗ ಸೋರಿಹೋಗುತ್ತದೆ. ಹಾಸನವೋ ಸಮುದ್ರಮಟ್ಟದಿಂದ 900 ಮೀಟರಿಗೂ ಮಿಕ್ಕ ಎತ್ತರದ ಊರು. ಮಾರ್ಗಶಿರ ಪುಷ್ಯಗಳ ಅಲ್ಲಿನ ಚಳಿಯನ್ನು ಬಲ್ಲವರೇ ಬಲ್ಲರು. ಆ ರಾತ್ರಿ ನಮ್ಮ ಮನಸ್ಸಿನಲ್ಲಿ ಎಂತಹ ಯೋಚನೆಗಳು ಸುಳಿದವೆಂಬುದನ್ನು ಮೊಮ್ಮಕ್ಕಳುಳ್ಳ ವಾಚಕರಿಗೆ ವಿವರಿಸಬೇಕಾಗಿಲ್ಲ.

ಬೆಳಗ್ಗೆ ದಾದಿಯು ಬಂದು, “ಮೇಷ್ಟ್ರೇ, ಮುಂದೆ ತೆರೆದಿರುವ, ತೋಳಿಲ್ಲದ ಹತ್ತಿ ಅಂಗಿ ಬೇಕು, ಒಂದು ಕುಲಾವಿ, ಕಾಲುಚೀಲ, ಲಂಗೋಟಿ ಬೇಕು. ಹಳೇ ಬಟ್ಟೆಯಾದರೂ ಆದೀತು, ಚೆನ್ನಾಗಿ ಒಗೆದು ಒಣಗಿಸಿರಬೇಕು” ಎಂದಳು. ಅಂಗಡಿಗಳನ್ನು ಸುತ್ತಿದೆವು. ಅಲ್ಲಿದ್ದ ಅತಿ ಚಿಕ್ಕ ಅಂಗಿಯಲ್ಲಿ ನಮ್ಮ ಕೂಸಿನಂಥವು ಎರಡು ಹಿಡಿಸುತ್ತಿದ್ದವು. ದುಡ್ಡು ಕೊಡಲು ಸಿದ್ಧರಿದ್ದರೂ ಪದಾರ್ಥ ದೊರೆಯಲಿಲ್ಲ.

ಮುಂದೆ ತೆರೆದ ಅಂಗಿಯೇ ಏಕೆಂದು ವಾಚಕರು ಕೇಳಬಹುದು. ಇಂತಹ ಶಿಶುವನ್ನು ತಾಯಿಯ ಎದೆಗೆ ಮೈಗೆ ಮೈ ತಾಕುವಂತೆ ಅವುಚಿ ಕಟ್ಟಿ, ತಾಯಿಯ ಮೈಶಾಖದಿಂದಲೇ ಬೆಚ್ಚಗಿಡುವ ಒಂದು ಕ್ರಮವುಂಟು. ದಕ್ಷಿಣ ಅಮೆರಿಕದ ಬೊಗೋಟಾ ನಗರದಲ್ಲಿ, ಶಿಶುಗಳನ್ನಿಡುವ ಶಾಖಯಂತ್ರಗಳು ಸಾಲದೆ ಹೋದಾಗ, 1978ರ ಸುಮಾರಿನಲ್ಲಿ ಅಲ್ಲಿನ ವೈದ್ಯರು ಇದನ್ನು ರೂಢಿಗೆ ತಂದರು. ಮರಿಯನ್ನು ಹೊಟ್ಟೆಯ ಚೀಲದಲ್ಲಿ ಹೊತ್ತು ಬೆಳಸುವ ಕಾಂಗರೂ ಪ್ರಾಣಿಯ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಹುಟ್ಟಿದ ಮೇಲೆ ಆದಷ್ಟು ಬೇಗ ಇದನ್ನಾರಂಭಿಸಿ ದಿನಕ್ಕೆ 8 ಗಂಟೆಯಿಂದ 24 ಗಂಟೆಯವರೆಗೆ ನಡೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸಲಹೆ ಮಾಡಿದೆ. ಅಂಗಿಯ ಮುಂಭಾಗ ತೆರೆದಿದ್ದರೆ ಕೂಸಿನ ಎದೆಯು ತಾಯಿಯ ಎದೆಗೆ ತಾಕುತ್ತದೆ. ಬೆನ್ನಿಗೆ ಮರೆಯೂ ಇರುತ್ತದೆ.

ನಮ್ಮ ಸಹಧರ್ಮಿಣಿಯು ಹೊಲಿಗೆಯಲ್ಲಿ ನಿಪುಣೆ. ಆದರೆ ಆಗತಾನೆ ಆಕೆಯ ಕಣ್ಣಿನ ಪೊರೆ ತೆಗೆಸಿದ್ದು, ಸಣ್ಣ ಕೆಲಸ ಮಾಡಕೂಡದೆಂದು ವೈದ್ಯರ ಅಪ್ಪಣೆಯಿತ್ತು. ಆಕೆ ಹೇಳುವುದು, ನಾವು ಮಾಡುವುದು ಎಂದು ಗೊತ್ತಾಯಿತು. ನಮ್ಮ ತಂದೆಯವರು ಉಡುತ್ತಿದ್ದ ಎಂಟು ಮೊಳದ ಒಂದು ಮಲ್ ಪಂಚೆಯು ಪೆಟ್ಟಿಗೆಯಲ್ಲಿತ್ತು. ಹೇಮಾವತಿಯ ನೀರಿನಲ್ಲಿ ವರ್ಷಗಟ್ಟಲೆ ಒಗೆಸಿಕೊಂಡು ಅದು ಬೆಣ್ಣೆಯಂತಾಗಿತ್ತು. ಆಕೆ ಬಟ್ಟೆಯ ಪೆಟ್ಟಿಗೆಗೆ ಒಣ ಬೇವಿನ ಸೊಪ್ಪನ್ನಲ್ಲದೆ ನುಸಿಗುಳಿಗೆ ಹಾಕುವವಳಲ್ಲ; ಅದೂ ಒಳ್ಳೆಯದೇ ಆಯಿತು. ನುಸಿಗುಳಿಗೆಯೊಡನೆ ಇಟ್ಟ ಬಟ್ಟೆಯನ್ನು ತೊಡಿಸಿದರೆ ಕೆಲವು ಶಿಶುಗಳಲ್ಲಿ ರಕ್ತಕಣಗಳು ಒಡೆದು ಕಾಮಾಲೆ ಉಲ್ಬಣಿಸುವುದುಂಟು. ಗೃಹಿಣಿಯರು ಇದನ್ನು ಮರೆಯದೆ ಗಮನಿಸಬೇಕು.

ಇನ್ನು ಹೊಲಿಯುವ ಕ್ರಮ. ಹಳೆಯ ಪಂಚೆಯನ್ನು ಮೊದಲು ಬೆಳಕಿಗೆ ಹಿಡಿದು ನೋಡತಕ್ಕದ್ದು. ಕುಳಿತು ಸವೆದ ಭಾಗ ಜಾಲರಿಯಂತೆ ಕಾಣುತ್ತದೆ. ಅದನ್ನು ಬಿಟ್ಟು ಗಟ್ಟಿಯಾದ ಕಡೆ ಕತ್ತರಿಸಬೇಕು. ಅಷ್ಟು ಸಣ್ಣ ಕೂಸಿಗೆ 20 ಅಂಗುಲ ಉದ್ದ, 9 ಅಂಗುಲ ಅಗಲದ ಒಂದು ತುಂಡು ಸಾಕು. ಅದನ್ನು ಉದ್ದದ ನಡುವಿಗೆ ಮಡಿಸಿದರೆ ಮಡಿಕೆಯೇ ಹೆಗಲು. ಮಡಿಕೆಯ ಮಧ್ಯದಲ್ಲಿ ಕತ್ತಿಗೆ ಬಾಗಿದಂತೆ ಚಿಕ್ಕದಾಗಿ ಕತ್ತರಿಸಿ, ಮುಂಭಾಗವನ್ನು ಮೇಲಿಂದ ಕೆಳಕ್ಕೆ ನೇರವಾಗಿ ಸೀಳಬೇಕು. ಎರಡು ಪಕ್ಕಗಳಲ್ಲಿ ಮೇಲೆ ಮೂರೂವರೆ ಅಂಗುಲ ತೋಳಿಗೆ ಬಿಟ್ಟು ಉಳಿದದ್ದನ್ನು ಹೊಲಿಯುವುದು. ಅಂಗುಲಕ್ಕೆ ಎಂಟು ಹತ್ತು ಬಾರಿ ಸೂಜಿ ಆಡಿದರೆ ಹೊಲಿಗೆ ನಿಲ್ಲುತ್ತದೆ. ಹೊಲಿಗೆಯ ಅಂಚು ಹೊರಮೈಗೆ ಬರಲಿ. ಅಂದದಲ್ಲಿ ಸ್ವಲ್ಪ ಕಡಮೆಯಾದರೂ ಕೂಸಿನ ಮೈಗೆ ಗೀರುವುದಿಲ್ಲ. ಗುಂಡಿ ಬೇಡ, ಕಿತ್ತು ಬಾಯಿಗೆ ಹೋದರೆ ಅಪಾಯ. ಎದೆಯ ಪಕ್ಕದಲ್ಲಿ ಅದೇ ಬಟ್ಟೆಯ ಗಿಡ್ಡನೆಯ ಎರಡು ಕಟ್ಟುಗಳು ಸಾಕು. ಕುತ್ತಿಗೆಯ ಬಳಿ ಮಾತ್ರ ದಾರ ಲಾಡಿಗಳನ್ನಿಡಕೂಡದು.

ಕುಲಾವಿಗೆ 10 ಅಂಗುಲ ಉದ್ದ, 5 ಅಂಗುಲ ಅಗಲದ ತುಂಡು. ಅಡ್ಡವಾಗಿ ನಡುವೆ ಮಡಿಸಿ ಒಂದು ಪಕ್ಕವನ್ನು ಹೊಲಿದರೆ ಹಿಂದಲೆಯಾಯಿತು; ಮಡಿಕೆ ನೆತ್ತಿಯಾಯಿತು; ತೆರೆದ ಪಕ್ಕ ಮುಖಕ್ಕೆ. ಕಿವಿಯೂ ಕತ್ತಿನ ಹಿಂಭಾಗವೂ ಮುಚ್ಚುವುದೇ ಕುಲಾವಿಯ ಗುಣ. ಗುಂಡು ಟೋಪಿಗೆ ಈ ಗುಣವಿಲ್ಲ. ಕಾಲುಚೀಲ ಹೊಲಿದ ಮೇಲೆ ಒಳಗನ್ನು ಹೊರಕ್ಕೆ ತಿರುವಿ, ಬಿಡಿ ನೂಲುಗಳನ್ನೆಲ್ಲ ಕತ್ತರಿಸಿಬಿಡಬೇಕು. ಬಿಚ್ಚಿದ ಒಂದೆಳೆಯು ಕೂಸಿನ ಬೆರಳಿಗೆ ಸುತ್ತಿಕೊಂಡರೆ ರಕ್ತಸಂಚಾರವೇ ನಿಂತುಹೋಗಬಹುದು.

ಆ ರಾತ್ರಿ ಮೂರು ಅಂಗಿ, ಎರಡು ಕುಲಾವಿ, ಒಂದು ಜೊತೆ ಕಾಲುಚೀಲ ಸಿದ್ಧವಾದವು. ಖರ್ಚು ಒಂದು ದಾರದ ಉಂಡೆಯದು ಮಾತ್ರ. ಅವನ್ನು ಒಗೆದು ಒಣಗಿಸುತ್ತಿರುವಾಗ ಚನ್ನರಾಯಪಟ್ಟಣದಿಂದ ನಮ್ಮ ಬೀಗಿತ್ತಿಯವರು ಬಂದರು. ಪಂಚೆಯ ಅಂಚನ್ನು ಗುರುತಿಸಿ, “ಇದೇನು ಬೀಗರೇ, ವಂಶದ ಮೊದಲ ಕೂಸಿಗೆ ಹಳೇ ಪಂಚೆಯೇ? ನಾಲ್ಕು ಜನ ನೋಡಿದರೆ ಏನಂದಾರು?” ಎಂದರು. ಅವರ ಮಾತಿನಲ್ಲಿ ಕೋಪಕ್ಕಿಂತ ವ್ಯಸನವೇ ಹೆಚ್ಚಾಗಿತ್ತು. ನಾವು ವಾದಿಸದೆ ಒಂದು ಅಂಗಿಯನ್ನು ಅವರ ಕೈಗೆ ಕೊಟ್ಟೆವು. ಅವರು ಅದನ್ನು ಕೆನ್ನೆಗೊತ್ತಿಕೊಂಡು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, “ನಮ್ಮತ್ತೆಯೂ ಹೀಗೆಯೇ, ಬಾಳಿ ಬದುಕಿದವರ ಬಟ್ಟೆಯಲ್ಲೇ ಕೂಸಿಗೆ ಮೊದಲು ಸುತ್ತಬೇಕು ಅನ್ನೋರು” ಎಂದರು. ಮರುದಿನ ಅವರದೊಂದು ಹಳೆಯ ನೂಲುಸೀರೆ ಬಂದಿತು, ಲಂಗೋಟಿಗಳೆಲ್ಲ ಅದರಿಂದಾದವು.

ಆದರೆ ಸಾಂಬ್ರಾಣಿಯ ಹೊಗೆಯ ವಿಷಯದಲ್ಲಿ ಅವರು ಬೇಗ ಒಪ್ಪಲಿಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಶಿಶುವಿನ ಹಾಸು ಹೊದಿಕೆಗಳ ವಿಚಾರ ಬಂದಿದೆ. ಅವು ಮೃದುವಾಗಿ, ಹಗುರವಾಗಿ, ಶುಚಿಯಾಗಿರಬೇಕು. ಬೆವರು ಮಲಮೂತ್ರಗಳು ತಗುಲಿದವನ್ನು ಬಿಡಬೇಕು. ಬೇರೆ ಇಲ್ಲದಿದ್ದರೆ ಅವನ್ನೇ ಚೆನ್ನಾಗಿ ಒಗೆದು, ಧೂಪ ಹಿಡಿದು, ಪೂರ್ಣವಾಗಿ ಒಣಗಿಸಿ ಬಳಸಬಹುದೆಂದು ಅದರ ತಾತ್ಪರ್ಯ. ಬಡವನ ಮನೆಯನ್ನೂ ಆ ಗ್ರಂಥವು ಮರೆತಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಸಾಸುವೆ, ಹಿಂಗು, ಗುಗ್ಗುಲು, ಬಜೆ ಮೊದಲಾದವುಗಳ ಧೂಪವನ್ನು ಅಲ್ಲಿ ಹೇಳಿರುವುದು ಬಟ್ಟೆಗೆ. ಎಳೆಯ ಶ್ವಾಸಕೋಶಕ್ಕೆ ಹೊಗೆ ಹಾನಿಕರವೆಂದು ಈಗಿನ ವೈದ್ಯರು ಖಂಡಿತವಾಗಿ ಹೇಳುತ್ತಾರೆ. ಇದನ್ನು ವಿವರಿಸಿ ಹೇಳಿದ ಮೇಲೆ ಬೀಗಿತ್ತಿಯವರು ಕೂಸಿನ ಕೋಣೆಯಿಂದ ಹೊಗೆಯ ಬಟ್ಟಲನ್ನು ಹೊರಗಿಟ್ಟರು. ಬಟ್ಟೆಗೆ ಬಿಸಿಲಿನ ಧೂಪವೇ ಸಾಕಾಯಿತು.

ನಡೆದಾಡುವ ಮಕ್ಕಳ ಉಡುಪಿನಲ್ಲಿ ಬೇರೊಂದು ಜಾಣತನ ಬೇಕು. ಅದನ್ನು ನಮಗೆ ತೋರಿಸಿಕೊಟ್ಟವಳು ಅರಕಲಗೂಡು ಕಡೆಯ ಒಬ್ಬ ತಾಯಿ. ನಾವು ಅಲ್ಲಿನ ಶಾಲೆಯಲ್ಲಿದ್ದಾಗ ಒಬ್ಬ ಹುಡುಗನ ಅಂಗಿಯು ಅವನ ತಾಯಿಯ ಸೀರೆಯದೆಂದು ಉಳಿದ ಹುಡುಗರು ಗೇಲಿ ಮಾಡಿದರು. ಹುಡುಗ ತಲೆ ತಗ್ಗಿಸಿ ನಿಂತ. ಅವನ ತಂದೆತಾಯಿಗಳು ಹೊಗೆಸೊಪ್ಪಿನ ಹೊಲದಲ್ಲಿ ಕೂಲಿಯವರು. ನಾವು ಅವನನ್ನು ಹತ್ತಿರ ಕರೆದು ಆ ಅಂಗಿಯನ್ನು ತರಗತಿಗೆಲ್ಲ ತೋರಿಸಿದೆವು. ಪಕ್ಕಗಳಲ್ಲಿ ಒಂದೊಂದು ಅಂಗುಲ ಬಟ್ಟೆ ಒಳಗೆ ಬಿಟ್ಟಿತ್ತು. ಕೆಳಗೆ ಮೂರಂಗುಲ ಮಡಿಕೆ. ಹೆಗಲಿನಲ್ಲಿ ಒಂದು ನೆರಿಗೆ. ಪ್ರತಿ ವರ್ಷ ಒಂದೊಂದು ಹೊಲಿಗೆ ಬಿಚ್ಚಿದರೆ ಅಂಗಿಯು ಮಗನೊಡನೆ ಬೆಳೆಯಬೇಕೆಂಬುದು ಆಕೆಯ ಲೆಕ್ಕ. “ನಿಮ್ಮಲ್ಲಿ ಯಾರ ಅಂಗಿಯಾದರೂ ಹೀಗೆ ಬೆಳೆಯುತ್ತದೆಯೇ?” ಎಂದು ಕೇಳಿದೆವು. ಯಾರೂ ಮಾತನಾಡಲಿಲ್ಲ. ಹುಡುಗನು ಆ ಅಂಗಿಯನ್ನು ಮೂರು ವರ್ಷ ತೊಟ್ಟನು.

ಸಿದ್ಧ ಉಡುಪನ್ನು ಕೊಳ್ಳಲೇಬಾರದೆಂದು ನಮ್ಮ ಅಭಿಪ್ರಾಯವಲ್ಲ. ಹಾಸನದ ಸುತ್ತಿನಲ್ಲಿಯೇ ಎಷ್ಟೋ ಹೆಣ್ಣುಮಕ್ಕಳು ಉಡುಪಿನ ಕಾರ್ಖಾನೆಗಳಲ್ಲಿ ದುಡಿದು ಸಂಸಾರ ಸಾಗಿಸುತ್ತಿದ್ದಾರೆ. ಅವರ ಅನ್ನಕ್ಕೆ ನಾವು ವಿರೋಧಿಗಳಲ್ಲ. ಹಬ್ಬಕ್ಕೊಂದು ಜರತಾರಿ ಲಂಗ ಬರಲಿ. ದಿನನಿತ್ಯದ ಉಡುಪು ಮಾತ್ರ ಕೂಸಿನ ಮೈಗೊಪ್ಪಬೇಕೇ ಹೊರತು ನೋಡುವವರ ಕಣ್ಣಿಗಲ್ಲ. ಅದನ್ನು ಒದಗಿಸುವುದು ಬಡವರಿಗೂ ಅಸಾಧ್ಯವಲ್ಲ, ಗಂಡಸರಿಗೂ ಅಸಾಧ್ಯವಲ್ಲ.

ಕೂಸು ನಲವತ್ತು ದಿನಗಳಲ್ಲಿ 2,600 ಗ್ರಾಂ ತೂಗಿತು. ಅದು ವೈದ್ಯರ ಜಾಣ್ಮೆ, ತಾಯಿಯ ಎದೆಯ ಶಾಖ ಮತ್ತು ಹಾಲು, ದೈವದ ಕೃಪೆ, ಅಂಗಿಯದು ಅಳಿಲಸೇವೆ. ಚಿಕ್ಕದಾದ ಆ ಮೂರು ಅಂಗಿಗಳನ್ನು ಒಗೆದು ಆಸ್ಪತ್ರೆಯ ದಾದಿಗೆ ಕೊಟ್ಟೆವು. ಮುಂದೆ ಅವನ್ನು ಯಾರ ಮನೆಯ ಕೂಸುಗಳು ತೊಟ್ಟವೋ ತಿಳಿಯದು. ನಿವೃತ್ತರಾಗಿ ಜಗಲಿಯ ಮೇಲೆ ಕುಳಿತು ಹೊತ್ತು ಹೋಗುವುದಿಲ್ಲವೆನ್ನುವ ಮಿತ್ರರು ಕನ್ನಡಕ ಒರಸಿಕೊಂಡು ಒಂದು ಕುಲಾವಿಯನ್ನು ಹೊಲಿದು ನೋಡಲಿ. ಮೊದಲನೆಯದು ಸೊಟ್ಟಗಾದೀತು; ಕೂಸು ಅದಕ್ಕಾಗಿ ಆಕ್ಷೇಪಿಸುವುದಿಲ್ಲ.