ಆಕಾಶಕ್ಕೆ ಏಣಿ ಹಾಕಿದ ಬೋವೆ

ಪ್ಯಾರಿಸ್‌ಗೆ ಹೋಗುವ ಪ್ರವಾಸಿಗರ ಪಟ್ಟಿಯಲ್ಲಿ ನೋತ್ರ್ ದಾಮ್ ಚರ್ಚು ಇದ್ದೇ ಇರುತ್ತದೆ. ಅಲ್ಲಿಂದ ಉತ್ತರಕ್ಕೆ ಸುಮಾರು 75 ಕಿ.ಮೀ. ದೂರದ ಬೋವೆ ಪಟ್ಟಣದತ್ತ ಹೊರಳುವವರು ಕಡಿಮೆ. ಆದರೆ ಗಾಥಿಕ್ ವಾಸ್ತುಶಿಲ್ಪ ಹೇಗೆ ಬೆಳೆಯಿತು, ಎಲ್ಲಿ ಹೋಗಿ ನಿಂತಿತು ಎಂಬುದನ್ನು ಅರಿಯಲು ಬೋವೆಯ ಸಂತ ಪೀಟರ್ ಕೆಥೆಡ್ರಲ್‌ಗಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಹಿಂದಿನ ಚರ್ಚುಗಳಿಗೆ ದಪ್ಪ ಗೋಡೆ, ಸಣ್ಣ ಕಿಟಕಿ. ಕಲ್ಲಿನ ಛಾವಣಿಯ ಭಾರವನ್ನೆಲ್ಲ ಗೋಡೆಯೇ ಹೊರಬೇಕಾಗಿದ್ದರಿಂದ ಒಳಗೆ ಮಬ್ಬುಗತ್ತಲೆ. ಪ್ಯಾರಿಸ್ ಬಳಿಯ ಸಾಂ ದೆನಿ ಮಠದ ಅಧಿಪತಿ ಸುಜೇರ್‌ಗೆ ಬೇಕಾಗಿದ್ದುದು ಬೆಳಕು. 1144ರಲ್ಲಿ ಪ್ರತಿಷ್ಠೆಗೊಂಡ ಅವನ ಚರ್ಚಿನ ಪೂರ್ವಭಾಗದಿಂದಲೇ ಗಾಥಿಕ್ ಶೈಲಿಯ ಆರಂಭವನ್ನು ಗುರುತಿಸುತ್ತಾರೆ. ಚೂಪು ಕಮಾನು ಭಾರವನ್ನು ಕೆಳಮುಖವಾಗಿ ಇಳಿಸಿತು. ಛಾವಣಿಯ ಕಲ್ಲಿನ ಪಕ್ಕೆಲುಬುಗಳು ಅದನ್ನು ಕಂಬಗಳಿಗೆ ಒಯ್ದವು. ಮುಂದೆ, ಹೊರಗಿನಿಂದ ತೋಳು ಚಾಚಿದಂತೆ ಗೋಡೆಗೆ ಆನಿಸಿದ ಅರ್ಧಕಮಾನುಗಳು ಬಂದವು. ಇವೇ ಫ್ಲೈಯಿಂಗ್ ಬಟ್ರೆಸ್. ಹೊರೆ ಇಳಿದ ಗೋಡೆಯ ಜಾಗದಲ್ಲಿ ಬಣ್ಣದ ಗಾಜು ಬಂದಿತು.

ಆಮೇಲೆ ಊರೂರುಗಳ ನಡುವೆ ಪೈಪೋಟಿ. ಪ್ಯಾರಿಸ್‌ನ ನೋತ್ರ್ ದಾಮ್ ಛಾವಣಿಯ ಎತ್ತರ ಸುಮಾರು 33 ಮೀಟರ್, ಶಾರ್ತ್ರ್‌ನದು 37, ಆಮಿಯಾಂನದು 42. ಅಂದಿನ ಶಿಲ್ಪಿಗಳಿಗೆ ಭಾರವನ್ನು ಲೆಕ್ಕ ಹಾಕುವ ಇಂದಿನ ಶಾಸ್ತ್ರ ಇರಲಿಲ್ಲ. ದಾರ, ತೂಕಗುಂಡು, ಅಳತೆಗೋಲು ಮತ್ತು ಗುರುವಿನಿಂದ ಶಿಷ್ಯನಿಗೆ ಬಂದ ಅನುಭವ, ಇವಿಷ್ಟೇ ಬಂಡವಾಳ. ಹಿಂದಿನ ಕಟ್ಟಡ ನಿಂತಿದೆ ಎಂದಾದರೆ ಮುಂದಿನದನ್ನು ಇನ್ನಷ್ಟು ಎತ್ತರಿಸುವ ಧೈರ್ಯ.

ಬೋವೆಯಲ್ಲಿ ಕೆಲಸ ಆರಂಭವಾದದ್ದು 1225ರಲ್ಲಿ. 1272ರ ವೇಳೆಗೆ ಪೂರ್ವಭಾಗ ಸಿದ್ಧವಾಯಿತು. ಎತ್ತರ 48 ಮೀಟರ್, ಅಂದರೆ ಹದಿನೈದು ಅಂತಸ್ತಿನ ಕಟ್ಟಡದಷ್ಟು! ಹನ್ನೆರಡೇ ವರ್ಷಕ್ಕೆ, 1284ರಲ್ಲಿ, ಛಾವಣಿಯ ಒಂದು ಭಾಗ ಕುಸಿಯಿತು. ಕಾರಣದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಊರಿನವರು ಮಾತ್ರ ಎತ್ತರವನ್ನು ತಗ್ಗಿಸಲು ಒಪ್ಪಲಿಲ್ಲ. ಎರಡೆರಡು ಕಂಬಗಳ ನಡುವೆ ಮತ್ತೊಂದನ್ನು ನಿಲ್ಲಿಸಿ ಅಷ್ಟೇ ಎತ್ತರಕ್ಕೆ ಮತ್ತೆ ಕಟ್ಟಿದರು. ಒಳಗೆ ನಿಂತು ನೋಡಿದರೆ ಆ ಕಂಬಗಳ ಇಕ್ಕಟ್ಟು ಈಗಲೂ ಕಣ್ಣಿಗೆ ಬೀಳುತ್ತದೆ.

1569ರಲ್ಲಿ 153 ಮೀಟರ್ ಎತ್ತರದ ಗೋಪುರವೊಂದು ಎದ್ದಿತು. ಪಶ್ಚಿಮದಲ್ಲಿ ಅದಕ್ಕೆ ಆಸರೆಯಾಗಬೇಕಿದ್ದ ಸಭಾಂಗಣ ಇನ್ನೂ ಕಟ್ಟಿರಲಿಲ್ಲ. 1573ರ ಏಪ್ರಿಲ್ 30ರಂದು, ಹಬ್ಬದ ದಿನವೇ, ಗೋಪುರ ಉರುಳಿತು. ಭಕ್ತರು ಮೆರವಣಿಗೆಯಲ್ಲಿ ಹೊರಗೆ ಹೋಗಿದ್ದರಿಂದ ದೊಡ್ಡ ಅನಾಹುತ ತಪ್ಪಿತು. ಗೋಪುರವನ್ನು ಮತ್ತೆ ಕಟ್ಟಲಿಲ್ಲ. ಸಭಾಂಗಣ ಮೇಲೇಳಲೇ ಇಲ್ಲ.

ಹೀಗೆ ಅರ್ಧಕ್ಕೇ ನಿಂತರೂ ಗಾಥಿಕ್ ಚರ್ಚುಗಳಲ್ಲಿ ಇಷ್ಟು ಎತ್ತರದ ಛಾವಣಿ ಬೇರೆಲ್ಲೂ ಇಲ್ಲ. ವಾಸ್ತುಶಿಲ್ಪ, ಎಂಜಿನಿಯರಿಂಗ್ ಓದುವವರು ಇಂದಿಗೂ ಇಲ್ಲಿಗೆ ಬಂದು ತಲೆಯೆತ್ತಿ ಲೆಕ್ಕ ಹಾಕುತ್ತಾರೆ. ತಪ್ಪಿಲ್ಲದೆ ನಿಂತ ಕಟ್ಟಡ ತನ್ನ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಬಿದ್ದು ಎದ್ದ ಕಟ್ಟಡ ಎಲ್ಲವನ್ನೂ ಹೇಳುತ್ತದೆ.

ಹೊರಗೆ ಬಂದು ಪಶ್ಚಿಮದ ಕಡೆ ನೋಡಿ. ಸಭಾಂಗಣ ಬರಬೇಕಿದ್ದ ಜಾಗದಲ್ಲಿ 10ನೇ ಶತಮಾನದ ತಗ್ಗಾದ ಹಳೆಯ ಚರ್ಚಿನ ಭಾಗವೊಂದಿದೆ. ಹೊಸದಕ್ಕಾಗಿ ಕೆಡವಬೇಕಾಗಿದ್ದ ಕಟ್ಟಡ ಅದು. ಹೊಸದು ಬರಲಿಲ್ಲವಾದ್ದರಿಂದ ಅದು ಉಳಿದುಕೊಂಡಿದೆ.