ಬೀಗದ ಚಿತ್ರ

ಬ್ರೌಸರ್ ಎಂಬ ಸಾಧನವು ಈಗ ಮನೆಮನೆಯನ್ನೂ ಹೊಕ್ಕಿರುವುದು. ವಿದ್ಯುತ್ತಿನ ಬಿಲ್ಲು, ಮಕ್ಕಳ ಪರೀಕ್ಷೆಯ ಫಲಿತಾಂಶ, ರೈಲಿನ ಟಿಕೆಟು, ಬ್ಯಾಂಕಿನ ಲೆಕ್ಕ, ಇವೆಲ್ಲವನ್ನೂ ಗೃಹಸ್ಥರು ಈ ಒಂದೇ ಕಿಟಕಿಯ ಮೂಲಕ ನೋಡುತ್ತಿರುವರು. ಹೀಗಿರುವಾಗ ಆ ಕಿಟಕಿಯ ರೂಪವನ್ನು ಯಾರು, ಯಾವ ಕಾರಣಕ್ಕಾಗಿ ಬದಲಾಯಿಸುವರೆಂಬ ವಿಚಾರವನ್ನು ಯಂತ್ರಜ್ಞರಿಗೇ ಬಿಟ್ಟು ನಾವು ಸುಮ್ಮನಿರುವುದು ಯುಕ್ತವಲ್ಲ.

ನಮ್ಮ ಸೋದರತ್ತೆಯವರು ವಯೋವೃದ್ಧರು. ತಮ್ಮ ಪೆನ್ಷನ್ ಹಣದ ವ್ಯವಹಾರವನ್ನು ಇತರರ ಕೈಗೆ ಕೊಡದೆ ತಾವೇ ನೋಡಿಕೊಳ್ಳುವರು. ಅದು ಅವರ ಹೆಮ್ಮೆ. ವಿಳಾಸದ ಪಕ್ಕದಲ್ಲಿ ಬೀಗದ ಚಿತ್ರವಿದ್ದರೆ ಮಾತ್ರ ಹಣ ಕಟ್ಟಬೇಕೆಂಬ ಮಾತನ್ನು ಎಲ್ಲಿಯೋ ಕೇಳಿ, ಅದನ್ನು ವ್ರತದಂತೆ ಪಾಲಿಸಿಕೊಂಡು ಬಂದಿದ್ದರು. ಒಂದು ದಿನ ಫೋನಿನಲ್ಲಿದ್ದ ಕ್ರೋಮ್ ಬ್ರೌಸರ್ ನವೀಕರಣಗೊಂಡು, ಬೀಗವು ಮಾಯವಾಗಿ, ಅದರ ಸ್ಥಳದಲ್ಲಿ ಎರಡು ಗೆರೆ, ಎರಡು ಸೊನ್ನೆಗಳ ಚಿತ್ರವೊಂದು ಬಂದು ಕುಳಿತಿತು. ಅತ್ತೆಯವರು ಆ ತಿಂಗಳು ಹಣ ಕಟ್ಟುವುದನ್ನೇ ನಿಲ್ಲಿಸಿ, "ಬೀಗ ಕಿತ್ತವರು ಯಾರಪ್ಪ?" ಎಂದು ನಮ್ಮನ್ನು ಕೇಳಿದರು.

ನಮ್ಮ ಅಣ್ಣನ ಮಗನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವನು. ಬೀಗವನ್ನು ತೆಗೆದುದೇ ಸರಿಯೆಂದು ಅವನ ವಾದ. ಗುರುತನ್ನು ನಂಬಿದವರಿಗೆ ಹೇಳದೆ ತೆಗೆಯಬಾರದೆಂದು ನಮ್ಮದು. ಈ ಚರ್ಚೆಯು ನಮ್ಮ ಮನೆಯಲ್ಲಿ ಹಲವು ದಿನ ನಡೆಯಿತು.

ಅವನ ವಾದದಲ್ಲಿ ಹುರುಳಿಲ್ಲದಿಲ್ಲ. 1995ರಲ್ಲಿ ನೆಟ್‌ಸ್ಕೇಪ್ ಕಂಪೆನಿಯವರು ಎಸ್‌ಎಸ್‌ಎಲ್ ಎಂಬ ಕ್ರಮವನ್ನು ಪ್ರಕಟಿಸಿದರು. ಅದರ ಪ್ರಕಾರ ನಾವು ಕಳುಹಿಸುವ ಅಕ್ಷರಗಳು ಗೂಢಲಿಪಿಯಾಗಿ ಹೋಗುವುದರಿಂದ, ದಾರಿಯಲ್ಲಿ ಕದ್ದು ನೋಡುವವರಿಗೆ ಅವು ಅರ್ಥವಾಗವು. ಬೀಗವು ಸೂಚಿಸುತ್ತಿದ್ದುದು ಇಷ್ಟನ್ನೇ. ಲಕೋಟೆಯ ಮೇಲಿನ ಅರಗಿನ ಮುದ್ರೆಯು ಕಾಗದವನ್ನು ದಾರಿಯಲ್ಲಿ ಯಾರೂ ಒಡೆದಿಲ್ಲವೆಂದು ಹೇಳೀತೇ ಹೊರತು, ಅದನ್ನು ಪಡೆಯುವವನು ಸತ್ಯವಂತನೆಂದು ಹೇಳಲಾರದು. 2015ರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯು ಈ ರಕ್ಷಣೆಗೆ ಬೇಕಾದ ಸರ್ಟಿಫಿಕೇಟುಗಳನ್ನು ಧರ್ಮಾರ್ಥವಾಗಿ ಕೊಡಲಾರಂಭಿಸಿತು. ಇದರಿಂದ ಲೋಕಕ್ಕೆ ಮಹೋಪಕಾರವಾಯಿತು. ಆದರೆ ಮಳೆಯು ಸಜ್ಜನರ ಹೊಲದ ಮೇಲೆ ಮಾತ್ರ ಬೀಳುವುದೆ? ವಂಚಕರ ಜಾಲತಾಣಗಳಿಗೂ ಬೀಗ ದೊರೆಯಿತು. ಬೀಗ ಕಂಡೊಡನೆ ನಂಬಬಾರದೆಂದು ಅಮೆರಿಕದ ಎಫ್‌ಬಿಐ 2019ರಲ್ಲಿ ಎಚ್ಚರಿಸಿತು. ಗೂಗಲ್ ಸಂಸ್ಥೆಯು 2021ರಲ್ಲಿ ನಡೆಸಿದ ಪರೀಕ್ಷೆಯಲ್ಲಿ ಬೀಗದ ನಿಜವಾದ ಅರ್ಥವನ್ನು ಬಲ್ಲವರು ನೂರಕ್ಕೆ 11 ಮಂದಿ ಮಾತ್ರ. ಆದುದರಿಂದಲೇ 2023ರ ಸೆಪ್ಟೆಂಬರಿನಲ್ಲಿ ಕ್ರೋಮ್ ಬೀಗವನ್ನು ಕೈಬಿಟ್ಟಿತು.

ಹಾಗಾದರೆ ಇನ್ನೂ ಘನವಾದ ಗುರುತೊಂದನ್ನು ಇಡಬಹುದಾಗಿತ್ತಲ್ಲವೆ, ಎಂದೆವು ನಾವು. ಅದನ್ನೂ ಮಾಡಿ ನೋಡಿದ್ದಾರೆ. ಹೆಚ್ಚು ಹಣ ಕೊಟ್ಟು, ದಾಖಲೆಗಳನ್ನು ತೋರಿಸಿದ ಕಂಪೆನಿಗಳ ಹೆಸರನ್ನು ಹಸಿರು ಬಣ್ಣದಲ್ಲಿ ವಿಳಾಸದ ಪಕ್ಕದಲ್ಲಿ ತೋರಿಸುತ್ತಿದ್ದ ಕಾಲವೊಂದಿತ್ತು. 2017ರಲ್ಲಿ ಅಮೆರಿಕದ ಸಂಶೋಧಕರೊಬ್ಬರು, ಸ್ಟ್ರೈಪ್ ಎಂಬ ಪ್ರಸಿದ್ಧ ಕಂಪೆನಿಯ ಹೆಸರಿನಲ್ಲಿಯೇ ಕೆಂಟಕಿ ಸಂಸ್ಥಾನದಲ್ಲಿ ಬೇರೊಂದು ಕಂಪೆನಿಯನ್ನು ನೋಂದಾಯಿಸಿ, ಕ್ರಮಬದ್ಧವಾಗಿಯೇ ಅದೇ ಗೌರವವನ್ನು ಪಡೆದು ತೋರಿಸಿದರು. ಕ್ರೋಮ್, ಫೈರ್‌ಫಾಕ್ಸ್ ಎರಡೂ 2019ರಲ್ಲಿ ಆ ಹೆಸರನ್ನು ವಿಳಾಸದ ಪಟ್ಟಿಯಿಂದ ತೆಗೆದುಹಾಕಿದವು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯು ಹಸಿರಿಗೂ ಅನ್ವಯಿಸುವುದೆಂದಾಯಿತು.

ಇಷ್ಟನ್ನು ಒಪ್ಪಿದರೂ ನಮ್ಮ ಆಕ್ಷೇಪವೊಂದು ಉಳಿದೇ ಇದೆ. ನೋಟಕ್ಕೆ ಸರಳವಾಗಿರಲೆಂದು ಒಂದೊಂದನ್ನೇ ಮರೆಮಾಡುತ್ತ ಹೋಗುವುದು ಈ ಕಾಲದ ರೂಪಕಾರರ ಸ್ವಭಾವವಾಗಿದೆ. 2020ರಲ್ಲಿ ಕ್ರೋಮ್‌ನವರು ಪೂರ್ಣ ವಿಳಾಸವನ್ನು ಮರೆಮಾಡಿ, ಒಡೆಯನ ಹೆಸರಿನ ಭಾಗವನ್ನಷ್ಟೇ ತೋರಿಸುವ ಪ್ರಯೋಗವನ್ನು ಮಾಡಿದರು. ಹಾಗೆ ಮಾಡಿದರೆ ಜನರು ಮೋಸವನ್ನು ಬೇಗ ಗುರುತಿಸುವರೆಂದು ಅವರ ನಿರೀಕ್ಷೆ. ಅದರಿಂದ ಭದ್ರತೆಗೆ ಪ್ರಯೋಜನ ಕಾಣದೆ, 2021ರಲ್ಲಿ ಅದನ್ನು ಬಿಟ್ಟರು. ಪರೀಕ್ಷಿಸಿ, ಫಲಿಸದುದನ್ನು ಬಿಟ್ಟುದು ಶ್ಲಾಘ್ಯವೇ. ಆದರೆ ಕಣ್ಣಿಗೆ ಒಪ್ಪವಾಗುವಂತೆ ಮಾಡುವುದು ಬೇರೆ, ಅರಿವಿಗೆ ಎಟುಕುವಂತೆ ಮಾಡುವುದು ಬೇರೆ. ಮನೆಗೆ ಸುಣ್ಣ ಬಳಿಯುವವನು ಬಾಗಿಲ ಅಗುಳಿಯನ್ನು ಬೇರೆ ಕಡೆಗೆ ಸರಿಸಿದರೆ, ಮನೆಯಲ್ಲಿರುವವರಿಗೆ ಒಂದು ಮಾತು ತಿಳಿಸುವುದು ಅವನ ಕರ್ತವ್ಯ. ಹಾಗೆ ತಿಳಿಸದಿದ್ದರೆ, ವೃದ್ಧರು ಹೆದರಿ ತಮ್ಮ ವ್ಯವಹಾರವನ್ನು ಪರರ ಕೈಗೆ ಒಪ್ಪಿಸುವರು; ಸ್ವಾತಂತ್ರ್ಯವೂ ಹೋಗಿ, ಕೆಲವೊಮ್ಮೆ ಹಣವೂ ಹೋಗುವುದು.

ಇನ್ನು ಗೃಹಸ್ಥರು ಮಾಡಬೇಕಾದುದೇನು? ಚಿತ್ರವನ್ನು ಬಿಟ್ಟು ವಿಳಾಸವನ್ನು ಓದುವ ಅಭ್ಯಾಸ ಮಾಡಬೇಕು. ಅಂಚೆಯ ವಿಳಾಸದಲ್ಲಿ ಮೊದಲು ಮನೆಯ ಹೆಸರೂ ಕೊನೆಯಲ್ಲಿ ಊರೂ ಬರುವುದಷ್ಟೆ. ಮನೆಗೆ ಅರಮನೆಯೆಂದು ಯಾರು ಬೇಕಾದರೂ ಹೆಸರಿಡಬಹುದು, ಊರನ್ನು ಬದಲಿಸಲಾಗದು. ಜಾಲತಾಣದ ವಿಳಾಸದಲ್ಲಿಯೂ, ಹೆಸರು ಮುಗಿದು ಓರೆಗೆರೆ ಬರುವುದಕ್ಕೆ ಮುಂಚೆ ಇರುವ ಕೊನೆಯ ಪದಗಳೇ ಒಡೆಯನ ಗುರುತು. ಆರಂಭದಲ್ಲಿ ಬ್ಯಾಂಕಿನ ಹೆಸರಿದ್ದ ಮಾತ್ರಕ್ಕೆ ಅದು ಬ್ಯಾಂಕಿನದಾಗಲಾರದು. ನಮ್ಮ ರಿಸರ್ವ್ ಬ್ಯಾಂಕು ಇದನ್ನೇ ಮನಗಂಡು, ದೇಶದ ಬ್ಯಾಂಕುಗಳ ವಿಳಾಸಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳಬೇಕೆಂದೂ, 2025ರ ಅಕ್ಟೋಬರ್ 31ರೊಳಗೆ ಈ ಬದಲಾವಣೆ ಆಗಬೇಕೆಂದೂ ವಿಧಿಸಿತು. ಆ ಕೊನೆಯನ್ನು ಸಿಕ್ಕಿದವರೆಲ್ಲ ಕೊಳ್ಳುವಂತಿಲ್ಲ. ಇದು ಚಿತ್ರವಲ್ಲ, ಓದಬಲ್ಲ ಗುರುತು. ನಮ್ಮ ಅಭಿಪ್ರಾಯದಲ್ಲಿ ಬೀಗಕ್ಕಿಂತ ಇದೇ ಮೇಲು.

ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತದೆ, ಬ್ಯಾಂಕಿನ ವಿಳಾಸವನ್ನು ಒಮ್ಮೆ ಸರಿಯಾಗಿ ವಿಚಾರಿಸಿ ಬರೆದಿಟ್ಟುಕೊಂಡು ಅದರಿಂದಲೇ ಪ್ರವೇಶಿಸುವುದು ಕ್ಷೇಮ. ಮೋಸವಾದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು. ಮನೆಯ ಕಿರಿಯರು ಸಂಜೆಯ ಹೊತ್ತು ಕಾಲು ಗಂಟೆ ಕುಳಿತು ಹಿರಿಯರಿಗೆ ಇದನ್ನು ತಾಳ್ಮೆಯಿಂದ ತಿಳಿಯಹೇಳಲಿ. ಬ್ರೌಸರಿನ ರೂಪವು ನಾಳೆ ಮತ್ತೆ ಬದಲಾದೀತು. ಕಲಿತ ಓದು ಬದಲಾಗದು.